ಪರದೆಯ ಮೇಲೆ ಮುಚ್ಚಿದ ನೀರು

ಪಂಪ್‌ಹೌಸಿನ ಗೋಡೆಯಿಂದ ಹಳೆಯ ಸ್ವಿಚ್‌ಬೋರ್ಡನ್ನು ಇಳಿಸಿದ ದಿನ, ಅದರಿಂದ ಊರಿಗೆ ನೀರು ಬಿಡುತ್ತಿದ್ದ ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದಳು. ಆಮೇಲೆ ಆ ಜಾಗದಲ್ಲಿ ಮೇಜು ಬಂತು, ಮೇಜಿನ ಮೇಲೆ ಕಂಪ್ಯೂಟರ್ ಬಂತು, ಒಂದು ತಿಂಗಳು ಕಳೆಯುವುದರೊಳಗೆ ಅವಳ ನಡಿಗೆಯೇ ಬದಲಾಯಿತು. ತಲೆಗೆ ಕೋಡು ಮೂಡಿದೆ ಎಂದು ಹಿಂದಿನಿಂದ ಆಡಿಕೊಂಡವರೂ ಉಂಟು. ಮೂಡಿತ್ತು ಎನ್ನುವುದು ನಿಜವೇ. ಆದರೆ ಆ ಕೋಡನ್ನು ಅವಳು ಸುಮ್ಮನೆ ಪಡೆದಿರಲಿಲ್ಲ. ಉಳಿದವರೆಲ್ಲ ಹಾವು ಕಂಡಂತೆ ದೂರ ನಿಂತಾಗ ಹತ್ತಿರ ಹೋಗಿ ಕೂತವಳು ಅವಳೊಬ್ಬಳೇ.

ಅವಳು ಅಲ್ಲಿ ಎಲ್ಲರಿಗೂ ಅತ್ತಿಗೆಯಾದದ್ದು ಫಿಟ್ಟರನಿಂದ. ಫಿಟ್ಟರ್ ಅವಳ ಗಂಡನ ತಮ್ಮ. ಮನೆಯಲ್ಲಿ ಕರೆದ ಹಾಗೆಯೇ ಕೆಲಸದಲ್ಲೂ ಅತ್ತಿಗೆ, ಅತ್ತಿಗೆ ಎಂದು ಕೂಗುತ್ತ ತಿರುಗಿದ. ಅವಳ ಅಪ್ಪನ ವಯಸ್ಸಿನ ಗೇಟು ಕಾಯುವ ಅಜ್ಜನೂ ಅತ್ತಿಗೆಮ್ಮ ಎನ್ನತೊಡಗಿದ. ಒಮ್ಮೆ ಸಾಹೇಬರೂ ಬಾಯಿ ತಪ್ಪಿ ಅತ್ತಿಗೆ ಎಂದು, ಆಮೇಲೆ ದಿನವಿಡೀ ಮುಖ ಗಂಟು ಹಾಕಿಕೊಂಡು ಅದನ್ನು ಸರಿಮಾಡಲು ನೋಡಿದರು.

ಕಂಪ್ಯೂಟರ್ ಜೋಡಿಸಲು ಬಂದ ನಡುವಯಸ್ಸಿನ ಮನುಷ್ಯ ಸದಾ ಅವಸರದವನು. ಮಾತಿಗೊಮ್ಮೆ ‘ಇಲಿ ಹಿಡೀರಿ, ಇಲಿ ಹಿಡೀರಿ’ ಎಂದು ಮೌಸನ್ನು ತೋರಿಸುತ್ತಿದ್ದುದರಿಂದ ಅವನಿಗೆ ಇಲಿಯಣ್ಣ ಎಂಬ ಹೆಸರು ಬಿತ್ತು. ಅವನು ಬಂದ, ಹಾಕಿದ, ಹೇಳಿದ, ಹೋದ. ಇದರಲ್ಲಿರುವುದು ಲಿನಕ್ಸ್, ನೀವು ಹಿಂದೆ ಆಫೀಸಿನಲ್ಲಿ ನೋಡಿದ್ದಲ್ಲ, ಎಂದ. ಎಡಗಡೆ ಕೆಳಮೂಲೆಯಲ್ಲಿ ಮೆನು. ಅದನ್ನು ಒತ್ತಿದರೆ ಒಳಗಿರುವ ಪ್ರೋಗ್ರಾಂಗಳೆಲ್ಲ ಸಾಲಾಗಿ ಬರುತ್ತವೆ. ದಿನವೂ ಬೇಕಾದದ್ದನ್ನು ಪರದೆಯ ಮೇಲೆಯೇ ಚಿತ್ರವಾಗಿ ಇಟ್ಟಿದ್ದೇನೆ, ಒಂದು ಸಲ ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಹಾಗೆ ತೆರೆದ ಕಿಟಕಿಯ ಬಲಮೂಲೆಯಲ್ಲಿ ಮೂರು ಗುರುತು: ಒಂದು ಕೆಳಗಿಳಿಸಲು, ಒಂದು ದೊಡ್ಡದು ಮಾಡಲು, ಒಂದು ಮುಚ್ಚಲು. ಇಷ್ಟು ಹೇಳುವುದರೊಳಗೆ ಅವನ ಫೋನು ಎರಡು ಸಲ ಬಡಿದುಕೊಂಡಿತ್ತು.

ಒಂದು ಸಲ ಒತ್ತಿದರೆ ಸಾಕು ಎಂದ ಮಾತು ಅತ್ತಿಗೆಯ ಕಿವಿಗೆ ಬಿದ್ದಿತ್ತು, ಕೈಗೆ ಬೀಳಲಿಲ್ಲ. ಮದುವೆಗೆ ಮುಂಚೆ ಅವಳು ಒಂದು ಟೈಪಿಂಗ್ ಆಫೀಸಿನಲ್ಲಿದ್ದಳು. ಅಲ್ಲಿ ಕಲಿತದ್ದು ಟಕ್‌ಟಕ್, ಎರಡು ಸಲ. ಬೆರಳಿಗೆ ಹತ್ತಿದ ಚಾಳಿ ಬುದ್ಧಿ ಹೇಳಿದರೆ ಬಿಡುತ್ತದೆಯೇ? ಇಲ್ಲಿಯೂ ಟಕ್‌ಟಕ್ ಎಂದು ಒತ್ತಿದಳು, ಪ್ರೋಗ್ರಾಂ ತೆರೆದುಕೊಂಡಿತು. ತೆರೆದ ಮೇಲೆ ಒಂದಾದರೇನು ಎರಡಾದರೇನು ಎಂದು ಸುಮ್ಮನಾದಳು.

ಒಂದು ವಿಷಯ ಮಾತ್ರ ಮೊದಮೊದಲು ಅವಳ ತಲೆ ತಿಂದಿತು. ಬಿಡುವಿದ್ದಾಗ ಇಸ್ಪೀಟಿನ ಆಟ ತೆರೆಯುತ್ತಿದ್ದಳು. ಸಾಹೇಬರ ಹೆಜ್ಜೆ ಸದ್ದು ಕೇಳಿ ಮುಚ್ಚು ಒತ್ತಿದರೆ ಆಟ ಹೋಗುತ್ತಿರಲಿಲ್ಲ. ಎಲೆಗಳೆಲ್ಲ ಹೊಸದಾಗಿ ಹಾಸಿಕೊಂಡು ಅಲ್ಲಿಯೇ ಕೂತಿರುತ್ತಿತ್ತು. ಇನ್ನೊಮ್ಮೆ ಮುಚ್ಚು ಒತ್ತಬೇಕು, ಆಗ ಹೋಗುತ್ತಿತ್ತು. ಲೆಕ್ಕ ಹಾಕುವ ಯಂತ್ರವೂ ಹಾಗೆಯೇ, ಪತ್ರ ಬರೆಯುವುದೂ ಹಾಗೆಯೇ. ಯೋಚಿಸಿ ಯೋಚಿಸಿ ಅವಳೇ ಒಂದು ನಿಯಮ ಕಂಡುಕೊಂಡಳು: ಎರಡು ಸಲ ಒತ್ತಿ ತೆರೆದದ್ದನ್ನು ಎರಡು ಸಲ ಒತ್ತಿಯೇ ಮುಚ್ಚಬೇಕು. ಇದರಲ್ಲಿ ಅವಳಿಗೆ ಒಂದು ನ್ಯಾಯವೂ ಕಾಣಿಸಿತು. ಪಾಳಿಯಲ್ಲಿ ಬರುವ ಇತರರಿಗೂ ಇದನ್ನೇ ಕಲಿಸಿದಳು. ಅವರೂ ಟಕ್‌ಟಕ್ ಎಂದು ತೆರೆದು, ಟಕ್‌ಟಕ್ ಎಂದು ಮುಚ್ಚಿ, ಅತ್ತಿಗೆಯ ತಲೆಯೇ ತಲೆ ಎಂದು ಮೂಗಿನ ಮೇಲೆ ಬೆರಳಿಟ್ಟರು. ಪ್ರತಿ ಸಲವೂ ಒಂದರ ಮೇಲೊಂದು ಎರಡು ಕಿಟಕಿಗಳು ತೆರೆದುಕೊಳ್ಳುತ್ತಿವೆ ಎಂದು ಯಾರಿಗೂ ಹೊಳೆಯಲಿಲ್ಲ.

ಇಸ್ಪೀಟಿನ ಆಟ ಎರಡು ತೆರೆದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನೀರಿನ ಪ್ರೋಗ್ರಾಮನ್ನೂ ಹೀಗೆಯೇ ತೆರೆಯುತ್ತಿದ್ದರು. ಅದು ಪರದೆ ತುಂಬ ಹರಡಿಕೊಂಡು ಕೂರುತ್ತಿತ್ತು: ಮಧ್ಯದಲ್ಲಿ ತೊಟ್ಟಿಯ ಚಿತ್ರ, ಅದಕ್ಕೆ ಬರುವ ಪೈಪಿನ ಚಿತ್ರ, ಪೈಪಿನ ಮೇಲೊಂದು ವಾಲ್ವು. ವಾಲ್ವು ತೆರೆದಿದ್ದರೆ ಹಸಿರು, ಮುಚ್ಚಿದ್ದರೆ ಕೆಂಪು. ಬದಿಯಲ್ಲಿ ಎರಡು ಗುಂಡಿ: ‘ತಾನಾಗಿ’, ‘ಕೈಯಿಂದ’. ದಿನವೂ ‘ತಾನಾಗಿ’ಯಲ್ಲೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯಲ್ಲಿ ನೀರು ಕಡಿಮೆಯಿದ್ದರೆ ಪ್ರೋಗ್ರಾಮೇ ವಾಲ್ವು ತೆರೆದು, ಪಂಪು ನಡೆಸಿ, ತುಂಬಿಸಿ ಮುಚ್ಚುತ್ತಿತ್ತು. ಮೇಲಿನ ಕಿಟಕಿ ಹೇಳುವುದನ್ನೇ ಅಡಿಯ ಕಿಟಕಿಯೂ ಹೇಳುತ್ತಿದ್ದುದರಿಂದ ಅಷ್ಟು ದಿನ ಜಗಳ ಬಂದಿರಲಿಲ್ಲ. ಬೆಳಿಗ್ಗೆ ಅದನ್ನು ತೆರೆದಾಗ ಪರದೆ ಒಮ್ಮೆ ಮಿಟುಕಿ, ಸ್ವಲ್ಪ ತಡೆದು, ಮತ್ತೊಮ್ಮೆ ಮಿಟುಕುತ್ತಿತ್ತು. ಗಡಿಯಾರದ ಪಕ್ಕ ಎರಡು ಪುಟ್ಟ ನೀಲಿ ಹನಿಗಳು ಬಂದು ಕೂರುತ್ತಿದ್ದವು. ಅಂದಕ್ಕೆ ಹಾಕಿದ್ದಾನೆ ಇಲಿಯಣ್ಣ ಎಂದುಕೊಂಡಿದ್ದಳು ಅತ್ತಿಗೆ.

ಕಂಪ್ಯೂಟರ್ ಬಂದ ಮೇಲೆ ನೆಲದಡಿಯ ತೊಟ್ಟಿಯ ಹೂಳು ತೆಗೆಯುವ ಕೆಲಸ ಅಂದು ಮೊದಲ ಬಾರಿಗೆ ಬಂತು. ಅಂಗಳದ ಕೆಳಗೆ, ಒಳಗೆಲ್ಲ ಕಂಬಗಳಿದ್ದ ದೊಡ್ಡ ಕತ್ತಲೆ ಕೋಣೆಯಂಥ ತೊಟ್ಟಿ ಅದು. ಮೇಲೊಂದು ಕಬ್ಬಿಣದ ಮುಚ್ಚಳ, ಕೆಳಗಿಳಿಯಲು ಗೋಡೆಗೆ ಬಡಿದ ಏಣಿ. ಇಳಿಯುವವನು ಫಿಟ್ಟರ್. ಮೇಲೆ ನಿಂತು ಹೂಳಿನ ಬಕೆಟ್ಟು ಎಳೆಯುವವನು ಅಜ್ಜ. ಹಳೆಯ ಬೋರ್ಡಿದ್ದಾಗ ಇದಕ್ಕೊಂದು ರೂಢಿಯಿತ್ತು. ತೊಟ್ಟಿಗೆ ನೀರು ಬಿಡುವ ಹಿಡಿಯನ್ನು ಬೋರ್ಡಿನಿಂದ ಬಿಚ್ಚಿ, ಇಳಿಯುವವನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದ. ಹಿಡಿ ಅವನ ಸೊಂಟದಲ್ಲಿರುವವರೆಗೆ ಮೇಲಿನವರು ತಲೆಕೆಳಗಾಗಿ ನಿಂತರೂ ನೀರು ಬರುವಂತಿರಲಿಲ್ಲ.

ಅಂದು ಫಿಟ್ಟರ್ ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಅತ್ತಿಗೆಯ ಕೋಣೆಗೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

“ಮುಚ್ಚಿದ್ರಾ ಅತ್ತಿಗೆ?”

“ನೋಡು.” ಅವಳು ಗದ್ದ ಎತ್ತಿ ಪರದೆಯನ್ನು ತೋರಿಸಿದಳು. ‘ಕೈಯಿಂದ’ ಗುಂಡಿ ಒತ್ತಿ, ವಾಲ್ವಿನ ಚಿತ್ರಕ್ಕೆ ‘ಮುಚ್ಚು’ ಎಂದಿದ್ದಳು. ಅದು ಕೆಂಪಾಗಿ ಕೂತಿತ್ತು.

“ಮೊದಲಾದ್ರೆ ಹಿಡಿ ಸಿಕ್ಕಿಸ್ಕೊಂಡು ಹೋಗ್ತಿದ್ದೆ. ಈಗ ಏನ್ ಸಿಕ್ಕಿಸ್ಕೊಳ್ಳಲಿ, ನಿಮ್ಮ ಇಲೀನಾ?”

“ತಗೊಂಡ್ಹೋಗು. ಬಾಲ ಉದ್ದ ಇದೆ, ಉಡುದಾರಕ್ಕೆ ಕಟ್ಕೋ.”

ಅವನು ನಕ್ಕ. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಅವಳು ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದ ಹುಡುಗ ಇವನು. ಇವನ ಮುಖ ನೋಡಿಯೇ ಹೊಟ್ಟೆ ಹಸಿದಿದೆಯೋ ಏಟು ತಿಂದು ಬಂದಿದ್ದಾನೋ ಎಂದು ಹೇಳಬಲ್ಲವಳು ಅತ್ತಿಗೆ. ಇವನಿಗೆ ಅಂಜಿಕೆಯಾಗಿದೆ ಎಂದು ಅವಳಿಗೆ ತಿಳಿಯಿತು.

“ಪರದೆ ಮೇಲೆ ಮುಚ್ಚಿದ್ರೆ ಪೈಪಲ್ಲೂ ಮುಚ್ಚಿದ ಹಾಗೇನಾ?”

“ಇನ್ನೇನು, ಪೈಪ್ ಬೇರೆ ಪರದೆ ಬೇರೆ ಅಂದ್ಕೊಂಡ್ಯಾ? ದಿನಾ ಇದ್ರಿಂದಲೇ ತಾನೇ ನೀರು ಬಿಡೋದು.”

“ಅಲ್ಲ ಅತ್ತಿಗೆ. ಹೊರಗಡೆ ಹಳ್ಳದಲ್ಲಿ ಪೈಪಿನ ಕೈಚಕ್ರ ಇದ್ಯಲ್ಲ, ಅದನ್ನೂ ತಿರುಗಿಸಿ ಮುಚ್ಚಿಬಿಡೋಣ ಅಂತ. ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟು ನಾನೂ ಅಜ್ಜನೂ ಹಿಡ್ಕೊಂಡ್ರೆ ಮಧ್ಯಾಹ್ನದೊಳಗೆ ಆಗುತ್ತೆ. ಇಳಿಯೋದು ನಾಳೆ ಇಟ್ಕೊಳ್ಳೋಣ.”

ಇಲ್ಲಿ ಅತ್ತಿಗೆ ಹೂಂ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಮಾತು ಅವಳಿಗೆ ಚುಚ್ಚಿತು. ತಿಂಗಳುಗಟ್ಟಲೆ ಕೂತು ಒಬ್ಬಳೇ ಕಲಿತದ್ದನ್ನು ಮನೆಯವನೇ ನಂಬುತ್ತಿಲ್ಲ. ಹೊರಗಿನವರು ಕೇಳಿದರೆ ಏನೆನ್ನಬಹುದು? ನಾಳೆ ಸಾಹೇಬರ ಮುಂದೆ, ಕಂಪ್ಯೂಟರ್ ಮುಚ್ಚಿದ್ದನ್ನು ಕೈಯಿಂದ ಇನ್ನೊಮ್ಮೆ ಮುಚ್ಚಿದೆವು ಎಂದು ಹೇಳುವುದೇ?

“ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?” ಎಂದಳು.

“ನಿಮ್ಮ ಮೇಲೆ ಇದೆ.” ಅವನು ಪರದೆಯ ಕಡೆಗೊಮ್ಮೆ ನೋಡಿದ. “ಅದರ ಮೇಲೆ ಇಲ್ಲ.”

“ನಾನಿದ್ದೀನಲ್ಲೋ ಇಲ್ಲಿ. ಎದ್ದು ಎಲ್ಲಿಗೂ ಹೋಗಲ್ಲ. ಅದು ಒಂದು ಸಲ ಕಣ್ಣು ಮಿಟುಕಿಸಿದ್ರೂ ನನಗೆ ಗೊತ್ತಾಗುತ್ತೆ.”

“ಸರಿ ಬಿಡಿ. ನೀವಿದ್ರೆ ಸಾಕು.”

ಅವನು ಹೋದ. ಅವನ ಚಪ್ಪಲಿಯ ಸದ್ದು ಓಣಿಯಂಥ ಹಜಾರ ದಾಟಿ, ಅಂಗಳಕ್ಕಿಳಿದು, ಮುಚ್ಚಳದ ಹತ್ತಿರ ನಿಂತಿತು. ಅಲ್ಲಿ ಚಪ್ಪಲಿ ಬಿಟ್ಟನೆಂದು ಕಾಣುತ್ತದೆ, ಆಮೇಲೆ ಏನೂ ಕೇಳಿಸಲಿಲ್ಲ.

ಅತ್ತಿಗೆ ಕೊಟ್ಟ ಮಾತಿನಂತೆ ಕೂತೇ ಇದ್ದಳು. ಆ ಕೋಣೆಗಿದ್ದ ಕಿಟಕಿ ಅಂಗಳದ ಕಡೆಗಿರಲಿಲ್ಲ, ಹಿಂದಿನ ರಸ್ತೆಯ ಕಡೆಗಿತ್ತು. ಅಂಗಳದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಅವಳಿಗಿದ್ದದ್ದು ಪರದೆ, ಇಲ್ಲವೆಂದರೆ ಬೆನ್ನ ಹಿಂದಿನ ಗೋಡೆಯಲ್ಲಿ ಹಾಯ್ದುಹೋಗಿದ್ದ ದಪ್ಪ ಪೈಪು. ತೊಟ್ಟಿಗೆ ಹೋಗುವ ಪೈಪೇ ಅದು. ಅದರ ಪಕ್ಕದಲ್ಲೇ ಮೇಲಿನ ಬೀದಿಗಳಿಗೆ ಹೋಗುವ ಇನ್ನೊಂದು ಪೈಪೂ ಇತ್ತು. ಹಳೆಯ ಕಾಲದಲ್ಲಿ ಅವಳು ಪೈಪಿನ ಮೇಲೆ ಅಂಗೈಯಿಟ್ಟು ನೀರು ಎಲ್ಲಿಗೆ ಹೋಗುತ್ತಿದೆ ಎಂದು ಹೇಳುತ್ತಿದ್ದಳು. ಈಗ ಕುರ್ಚಿಯನ್ನು ಆ ಕಡೆಗೆ ಬೆನ್ನು ಮಾಡಿ ಹಾಕಿಕೊಂಡಿದ್ದಳು.

ಹೂಳು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಊಟದ ಹೊತ್ತಾದರೂ ಫಿಟ್ಟರ್ ಮೇಲೆ ಬರಲಿಲ್ಲ. ಸ್ವಲ್ಪವೇ ಉಳಿದಿದೆಯಂತೆ, ಮುಗಿಸಿಯೇ ಬರುತ್ತಾನಂತೆ ಎಂದು ಅಜ್ಜ ಬಂದು ಹೇಳಿಹೋದ. ಅತ್ತಿಗೆ ಪರದೆ ನೋಡಿದಳು. ಕೆಂಪು. ಆಟ ತೆರೆಯುವ ಮನಸ್ಸಾಯಿತು. ಮಾತು ಕೊಟ್ಟಿದ್ದೇನೆ ಎಂದು ಕೈ ಹಿಂದೆಗೆದಳು. ಆಟಕ್ಕಾದರೂ ಕೈಹಾಕಿ ಕಿಟಕಿ ಆಚೀಚೆ ಸರಿಸಿದ್ದರೆ ಅಡಿಯಲ್ಲಿರುವುದು ಕಾಣುತ್ತಿತ್ತೇನೋ. ಅವಳ ನಿಷ್ಠೆಯೇ ಅವಳ ಕಣ್ಣು ಕಟ್ಟಿತು.

ನೀರು ತುಂಬುವ ಮಧ್ಯಾಹ್ನದ ಹೊತ್ತು ಬಂತು.

ಮೊದಲು ಬೆನ್ನಿಗೆ ತಿಳಿಯಿತು. ಕುರ್ಚಿಯ ಬೆನ್ನುಹಲಗೆ ಸಣ್ಣಗೆ ನಡುಗಿತು. ಗೋಡೆಯೊಳಗೆ ಏನೋ ಗುಂಯ್ ಎಂದಿತು. ಅತ್ತಿಗೆ ತಿರುಗಿ ಪೈಪು ನೋಡಿದಳು, ಮತ್ತೆ ಪರದೆ ನೋಡಿದಳು. ವಾಲ್ವು ಕೆಂಪಾಗಿತ್ತು, ಅದರ ಕೆಳಗೆ ‘ಮುಚ್ಚಿದೆ’ ಎಂದಿತ್ತು. ಇದು ಮೇಲಿನ ಬೀದಿಯ ನೀರಿರಬೇಕು ಎಂದುಕೊಂಡಳು. ಆದರೂ ಮನಸ್ಸು ತಡೆಯದೆ ‘ಮುಚ್ಚು’ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಗುಂಯ್ ಎನ್ನುವುದು ಇಳಿಯಿತು. ಕುರ್ಚಿ ಸುಮ್ಮನಾಯಿತು. ಅವಳು ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಅದು ಮತ್ತೆ ಶುರುವಾಯಿತು, ಈ ಸಲ ಮೊದಲಿಗಿಂತ ಗಟ್ಟಿಯಾಗಿ.

ಒಂದು ಕಿಟಕಿ ಮುಚ್ಚು ಎನ್ನುತ್ತಿತ್ತು, ಅದರ ಅಡಿಯ ಕಿಟಕಿ ತೆರೆ ಎನ್ನುತ್ತಿತ್ತು. ಬೆಳಿಗ್ಗೆ ಟಕ್‌ಟಕ್ ಎಂದು ತೆರೆದಾಗ ಮೊದಲು ಬಂದ ಕಿಟಕಿ, ಯಾರ ಕಣ್ಣಿಗೂ ಬೀಳದೆ, ಇನ್ನೂ ‘ತಾನಾಗಿ’ಯಲ್ಲೇ ಇತ್ತು. ಅದರ ಪಾಲಿಗೆ ಇದು ದಿನದ ಮಧ್ಯಾಹ್ನ, ತೊಟ್ಟಿ ಬರಿದಾಗಿದೆ, ತುಂಬಬೇಕು. ಒಳಗೊಬ್ಬ ಮನುಷ್ಯ ಬಾಗಿ ಹೂಳು ಬಳಿಯುತ್ತಿದ್ದಾನೆ ಎಂದು ಅದಕ್ಕೆ ಯಾರು ಹೇಳಬೇಕು? ಮೇಲಿನ ಕಿಟಕಿಯೋ, ವಾಲ್ವು ನೋಡಿ ಹೇಳುವಂಥದ್ದಲ್ಲ. ಅತ್ತಿಗೆ ಹೇಳಿದ್ದನ್ನೇ ಅತ್ತಿಗೆಗೆ ತಿರುಗಿ ಒಪ್ಪಿಸುತ್ತಿತ್ತು.

ಆಗ ಪೈಪಿನಲ್ಲಿ ಬಡಿತ ಕೇಳಿಸಿತು. ಠಣ್. ಠಣ್. ಠಣ್. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಮೈದುನ ಪೈಪಿನ ಬಾಯಿಯ ಗಸಿ ಕೆರೆಯುತ್ತಿದ್ದಾನೆ ಎಂದುಕೊಂಡಳು ಅತ್ತಿಗೆ. ಎದ್ದು ನೋಡಿ ಬರಲೇ ಎನಿಸಿತು. ಎಲ್ಲಿಗೂ ಏಳುವುದಿಲ್ಲ ಎಂದಿದ್ದೇನೆ, ನಾನು ಎದ್ದಾಗಲೇ ಇದಕ್ಕೇನಾದರೂ ಆದರೆ? ಪರದೆ ನೋಡಿದಳು. ಮುಚ್ಚಿದೆ. ಬಡಿತ ಜೋರಾಯಿತು, ಒಂದರ ಹಿಂದೊಂದು, ಬಿಡುವಿಲ್ಲದೆ. ಮತ್ತೆ ಪರದೆ ನೋಡಿದಳು. ಮುಚ್ಚಿದೆ. ಕೆಂಪು ಬಣ್ಣ ಎಷ್ಟು ಗಟ್ಟಿಯಾಗಿ, ಎಷ್ಟು ಸಮಾಧಾನವಾಗಿ ಕೂತಿತ್ತೆಂದರೆ, ಅದನ್ನು ನಂಬದಿರುವುದು ಒಂದು ತಪ್ಪೆನಿಸುತ್ತಿತ್ತು. ಆಮೇಲೆ ಬಡಿತ ನಿಂತಿತು. ಅಬ್ಬ, ಮುಗಿಯಿತು ಎಂದುಕೊಂಡಳು ಆ ಪುಣ್ಯಾತ್ಗಿತ್ತಿ.

ಅಜ್ಜ ಅಷ್ಟು ಹೊತ್ತು ಹೂಳಿನ ಬಕೆಟ್ಟು ಸುರಿಯಲು ಕಾಂಪೌಂಡಿನ ಹಿಂದೆ ಹೋಗಿದ್ದ. ವಾಪಸು ಬಂದು ಮುಚ್ಚಳದೊಳಗೆ ಬಗ್ಗಿ ನೋಡಿ, ವಯಸ್ಸನ್ನೂ ಮರೆತು ಓಡಿಬಂದ. ಬಾಗಿಲು ಹಿಡಿದು ನಿಂತ.

“ನೀರು,” ಎಂದ. “ನೀರು ಬರ್ತಿದೆ ಅತ್ತಿಗೆಮ್ಮ.”

“ಬರೋಕೆ ಸಾಧ್ಯ ಇಲ್ಲ ಅಜ್ಜ. ಮುಚ್ಚಿದೆ.” ಹೀಗೆಂದು ಅವಳು ಪರದೆಯನ್ನು ಎರಡು ಕೈಯಿಂದ ಹಿಡಿದು ಅವನ ಕಡೆಗೆ ತಿರುಗಿಸಿದಳು. “ನೀವೇ ನೋಡಿ.”

“ನಾನು ಇದನ್ನ ನೋಡ್ಲಾ, ಅಲ್ಲಿ ನೀರು ನೋಡ್ಲಾ? ಕೂಗಿದ್ರೆ ಅವನು ಓ ಅಂತಿಲ್ಲಮ್ಮ.”

ಅತ್ತಿಗೆ ಅವಸರದಲ್ಲಿ ಮೌಸು ಹಿಡಿದಳು. ಬಾಣ ಜಾರಿ ಕಿಟಕಿಯ ಮೇಲಂಚಿಗೆ ಹೋಯಿತು, ಬೆರಳು ಒತ್ತಿತು, ಟಕ್‌ಟಕ್. ಪರದೆ ತುಂಬಿಕೊಂಡಿದ್ದ ಕಿಟಕಿ ಕುಗ್ಗಿ ಚಿಕ್ಕದಾಯಿತು. ಅದರ ಹಿಂದೆ ಇನ್ನೊಂದಿತ್ತು. ಅದೇ ತೊಟ್ಟಿ, ಅದೇ ಪೈಪು, ಅದೇ ವಾಲ್ವು. ಆ ವಾಲ್ವು ಎಳೆಯ ಹುಲ್ಲಿನ ಹಾಗೆ ಹಸಿರಾಗಿತ್ತು. ‘ತುಂಬುತ್ತಿದೆ’ ಎಂದಿತ್ತು. ತೊಟ್ಟಿಯ ಚಿತ್ರದೊಳಗೆ ನೀಲಿ ಬಣ್ಣ ಮೆಲ್ಲಗೆ, ಅವಸರವೇ ಇಲ್ಲದೆ ಮೇಲೇರುತ್ತಿತ್ತು.

ಅವಳು ತಾನು ಎಲ್ಲರಿಗೂ ಕಲಿಸಿದ ವಿದ್ಯೆಯನ್ನೇ ಮಾಡಿದಳು. ಮುಚ್ಚು ಒತ್ತಿದಳು, ಒಂದು ಕಿಟಕಿ ಹೋಯಿತು. ಮತ್ತೊಮ್ಮೆ ಒತ್ತಿದಳು, ಇನ್ನೊಂದೂ ಹೋಯಿತು. ಪರದೆ ಬರಿದಾಯಿತು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಚಿತ್ರ, ಒಂದು ಸರೋವರದ್ದು, ಅಲೆಯಿಲ್ಲದ ನೀಲಿ ನೀರಿನದು, ಮಾತ್ರ ಉಳಿಯಿತು. ಪೈಪು ಇನ್ನೂ ಗುಂಯ್ ಎನ್ನುತ್ತಿತ್ತು. ಯಾರಾದರೂ ಅರಿಯದೆ ಮುಚ್ಚಿ ಊರಿನ ನೀರು ನಿಲ್ಲಿಸಬಾರದೆಂದು ಇಲಿಯಣ್ಣ ಅದನ್ನು ಹಾಗೆ ಮಾಡಿಟ್ಟಿದ್ದ. ಕಿಟಕಿ ಮುಚ್ಚಿದರೂ ಪ್ರೋಗ್ರಾಂ ಸಾಯುತ್ತಿರಲಿಲ್ಲ, ಗಡಿಯಾರದ ಪಕ್ಕದ ಹನಿಯೊಳಗೆ ಸೇರಿಕೊಂಡು ತನ್ನ ಕೆಲಸ ತಾನು ಮಾಡುತ್ತಿತ್ತು. ಎರಡು ಹನಿಗಳೂ ಅಲ್ಲಿಯೇ ಇದ್ದವು. ಅತ್ತಿಗೆ ಅವುಗಳ ಮೇಲೆ ಕಣ್ಣು ಹಾಯಿಸಿದಳು, ಆದರೆ ನೋಡಲಿಲ್ಲ. ಒತ್ತಲು ಏನೂ ಉಳಿಯದ ಪರದೆಯ ಮೇಲೆ ಬಾಣವನ್ನು ಅತ್ತಿತ್ತ ಓಡಿಸಿ, ಕೊನೆಗೆ ನೀರಿನ ಪ್ರೋಗ್ರಾಮಿನ ಚಿತ್ರ ಸಿಕ್ಕಿ, ಮತ್ತೆ ಒತ್ತಿದಳು. ಟಕ್‌ಟಕ್. ಪರದೆ ಒಮ್ಮೆ ಮಿಟುಕಿತು, ತಡೆದು ಇನ್ನೊಮ್ಮೆ ಮಿಟುಕಿತು.

“ಬಿಡಮ್ಮ ಅದನ್ನ,” ಎಂದ ಅಜ್ಜ.

ಆಗ ಬಿಟ್ಟಳು. ಪಕ್ಕದ ಕೋಣೆಗೆ ನುಗ್ಗಿ, ಗೋಡೆಯ ಮೇಲಿನ ಮೇನ್ ಸ್ವಿಚ್ಚಿಗೆ ಜೋತುಬಿದ್ದಂತೆ ಎಳೆದಳು. ಫ್ಯಾನು, ದೀಪ, ಪರದೆ, ಪಂಪು ಎಲ್ಲವೂ ಒಟ್ಟಿಗೇ ಸತ್ತವು. ಪಂಪೇ ನಿಂತ ಮೇಲೆ ವಾಲ್ವು ಯಾರ ಮಾತು ಕೇಳಿದರೇನು? ಪೈಪಿನೊಳಗಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಆ ನಿಶ್ಶಬ್ದದಲ್ಲಿ ಅತ್ತಿಗೆ ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು.

ಮುಚ್ಚಳದ ಬಾಯಲ್ಲಿ ಮಂಡಿಯೂರಿ ಕೂಗಿದಳು. ಅವನ ಹೆಸರು ಹಿಡಿದು ಕೂಗಿದಳು, ಮಗನೇ ಎಂದು ಕೂಗಿದಳು. ಅವಳ ದನಿಯೇ ಕಂಬಗಳಿಗೆ ಬಡಿದು ವಾಪಸು ಬಂತು. ಕೆಳಗೆ ಕಪ್ಪು ನೀರು ತೂಗುತ್ತಿತ್ತು, ಅದರ ಮೇಲೊಂದು ತಗಡಿನ ಸಲಿಕೆಯ ಮರದ ಹಿಡಿ ತೇಲುತ್ತಿತ್ತು. ಅಜ್ಜ ಬ್ಯಾಟರಿ ಬಿಟ್ಟ. ಬೆಳಕು ಹುಡುಕುತ್ತ ಹೋಗಿ ದೂರದ ಕಂಬವೊಂದರ ಹತ್ತಿರ ನಿಂತಿತು. ಅಲ್ಲಿ ಎರಡು ಕೈ ಕಂಬವನ್ನು ತಬ್ಬಿಕೊಂಡಿದ್ದವು, ಮೇಲೆತ್ತಿದ ಮುಖ ಮಾತ್ರ ನೀರಿನ ಮೇಲಿತ್ತು. ಕೂಗಿದರೂ ಅವನು ಓಗೊಡದಿದ್ದದ್ದು, ಬಾಯಿ ತೆರೆದರೆ ನೀರು ಹೋಗುತ್ತಿತ್ತು ಎಂಬ ಕಾರಣಕ್ಕೆ.

ರಸ್ತೆಯಲ್ಲಿ ಹೋಗುತ್ತಿದ್ದವರು ಒಳಗೆ ಇಳಿದು ಅವನನ್ನು ಹೊರಗೆ ತಂದರು. ನೀರಿನ ರಭಸ ಅವನನ್ನು ಎಳೆದುಕೊಂಡು ಹೋಗಿ, ಆ ಕಂಬದ ಪಕ್ಕದಲ್ಲೇ ಇದ್ದ, ನೀರು ಹೊರಹೋಗುವ ತೂತಿನ ಕಬ್ಬಿಣದ ಜಾಲರಿಗೆ ಬಡಿದಿತ್ತು. ಎಡಗಾಲು ಜಾಲರಿಯಲ್ಲಿ ಸಿಕ್ಕಿ ತಿರುಚಿಕೊಂಡಿತ್ತು. ಆಸ್ಪತ್ರೆಯಲ್ಲಿ ಮೊದಲು ಪಾದ ಕತ್ತರಿಸಬೇಕು ಎಂದರು, ಆಮೇಲೆ ಮೊಣಕಾಲಿನ ಕೆಳಗೆ ಎಂದರು. ಕೊನೆಗೆ ಮೊಣಕಾಲೂ ಉಳಿಯಲಿಲ್ಲ. ಜೀವ ಉಳಿಯಿತಲ್ಲ ಎಂದು ಬಂದವರೆಲ್ಲ ಹೇಳಿದರು. ಹಾಗೆ ಹೇಳುವವರಿಗೆಲ್ಲ ಎರಡೆರಡು ಕಾಲಿದ್ದವು.

ಇಲಿಯಣ್ಣನನ್ನು ಕರೆಸಿದರು. ಈ ಸಲ ಅವನಿಗೆ ಅವಸರವಿರಲಿಲ್ಲ. ಸಾಹೇಬರು ಪಕ್ಕದಲ್ಲಿ ನಿಂತಿದ್ದರು.

“ನೀವು ಹೇಗೆ ತೆರೀತೀರಿ, ತೋರಿಸಿ,” ಎಂದ.

ಅತ್ತಿಗೆ ತೋರಿಸಿದಳು. ಟಕ್‌ಟಕ್. ಇಲಿಯಣ್ಣ ಮೇಲಿನ ಕಿಟಕಿಯನ್ನು ಪಕ್ಕಕ್ಕೆ ಸರಿಸಿ ಅಡಿಯದನ್ನು ತೋರಿಸಿದ. ಆಮೇಲೆ ಗಡಿಯಾರದ ಪಕ್ಕದ ಹನಿಗಳ ಮೇಲೆ ಬೆರಳಿಟ್ಟ. ಒಂದು ಹನಿ ಎಂದರೆ ಒಂದು ಪ್ರೋಗ್ರಾಂ ನಡೆಯುತ್ತಿದೆ ಎಂದು, ಎರಡಿದ್ದರೆ ಎರಡು. ಇಷ್ಟೇ. ಎರಡನೆಯದು ತೆರೆಯದಂತೆ ಮಾಡಲು ಅವನಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊದಲೇ ಮಾಡಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಸಾಹೇಬರು ಕಿಟಕಿಯಾಚೆ ರಸ್ತೆ ನೋಡುತ್ತಿದ್ದರು. ಅತ್ತಿಗೆಗೆ ಕೇಳುವ ಬಾಯಿ ಉಳಿದಿರಲಿಲ್ಲ.

ಮನೆಯಲ್ಲಿ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಓರಗಿತ್ತಿ, ಎಂದರೆ ಫಿಟ್ಟರನ ಹೆಂಡತಿ, ಎಂದಿನಂತೆ ಅಕ್ಕ ಎಂದೇ ಕರೆದಳು. ಗಂಡ, ನೀನು ಬೇಕೆಂದು ಮಾಡಿದ್ದಲ್ಲವಲ್ಲ ಎಂದ. ಅವಳು ಮುಚ್ಚಿದ್ದಳು ಎಂಬುದಕ್ಕೆ ಸಾಕ್ಷಿ ಬೇರೆ ಇತ್ತು. ಸಾಹೇಬರು ವಾರ್ಡಿಗೆ ಹೋಗಿ ವಿಚಾರಿಸಿದಾಗ ಫಿಟ್ಟರೇ ಹೇಳಿದ್ದ: “ಅತ್ತಿಗೆ ಮುಚ್ಚಿದ್ರು ಸಾರ್. ನಾನೇ ಕಣ್ಣಾರೆ ನೋಡಿ ಇಳಿದೆ.” ಆ ಮಾತಿನಿಂದ ಅವಳ ಕೆಲಸ ಉಳಿಯಿತು.

ಅವಳು ಅವನನ್ನು ಒಬ್ಬನೇ ಇರುವಾಗ ಕಂಡದ್ದು ಆಮೇಲೊಂದು ಸಂಜೆ. ಓರಗಿತ್ತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಹೊದಿಕೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಹಾಸಿಗೆಗೆ ಅಂಟಿಕೊಂಡಿತ್ತು. ಅತ್ತಿಗೆ ಆ ಕಡೆ ನೋಡದ ಹಾಗೆ ಕುರ್ಚಿ ಹಾಕಿಕೊಂಡು ಕೂತು ಕಿತ್ತಳೆ ಸುಲಿಯತೊಡಗಿದಳು. ಅವನ ಬಲಗೈಗೂ ಬಟ್ಟೆ ಸುತ್ತಿದ್ದರು.

“ಕೈಗೇನಾಯ್ತೋ?” ಎಂದಳು.

“ಸ್ಪ್ಯಾನರ್ ಜಾರಿ ಬೆರಳೆಲ್ಲ ಪೈಪಿಗೆ ತಾಗ್ತು. ಕತ್ತಲಲ್ಲಿ ಹೊಡೆದದ್ದು ನೋಡಿ.” ಆಮೇಲೆ ಕೇಳಿದ: “ನಿಮಗೆ ಕೇಳಿಸ್ಲಿಲ್ಲ ಅಲ್ವಾ ಅತ್ತಿಗೆ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವನೇ ಬಾಗಿಲು ತೆರೆದು ಕೊಟ್ಟಿದ್ದ. ಬಡಿತ ಕೇಳಿಸಿದಾಗ ಕಂಪ್ಯೂಟರಿನ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು, ಬೇರೆ ಕಿವಿಯಿರಲಿಲ್ಲ. ಅವಳ ಬೆರಳು ಕಿತ್ತಳೆಯ ಸಿಪ್ಪೆಯೊಳಗೆ ಸಿಕ್ಕಿಕೊಂಡ ಹಾಗೆ ನಿಂತಿತು. ಇವನ ಮುಖ ನೋಡಿಕೊಂಡು ಸುಳ್ಳು ಹೇಳಲು ಅವಳಿಗೆ ಎಂದೂ ಬಂದಿರಲಿಲ್ಲ.

“ಕೇಳಿಸ್ತು.”

ಅವನು ಅವಳನ್ನೇ ನೋಡಿದ.

“ಕೇಳಿಸ್ತು ಕಣೋ. ಗಸಿ ಕೆರೀತಿದ್ದೀಯ ಅಂದ್ಕೊಂಡೆ. ಪರದೆ ನೋಡಿದೆ, ಮುಚ್ಚಿದೆ ಅಂತಿತ್ತು. ಮತ್ತೆ ನೋಡಿದೆ. ಆಗ್ಲೂ ಮುಚ್ಚಿದೆ ಅಂತಿತ್ತು. ಹೊರಗೆ ಬಂದು ನೋಡ್ಲಿಲ್ಲ.”

ವಾರ್ಡಿನ ಆಚೆ ತುದಿಯಲ್ಲಿ ಯಾರೋ ಕೆಮ್ಮಿದರು. ಫಿಟ್ಟರ್ ಮಾಡಿನ ಕಡೆ ಕಣ್ಣು ತಿರುಗಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ, ಎರಡು ಬೈದಿದ್ದರೆ, ಅವಳು ಕಾಲು ಹಿಡಿದಾದರೂ ಅಳುತ್ತಿದ್ದಳು.

“ಮೊದಲು ಸಣ್ಣಗೆ ಬಂತು,” ಎಂದ. “ಪಾದ ಮುಳುಗುವಷ್ಟು. ಆಗ ಏಣಿ ಪಕ್ಕದಲ್ಲೇ ನಿಂತಿದ್ದೆ ನಾನು. ಕೈ ಚಾಚಿದ್ರೆ ಸಿಗೋದು. ಹತ್ತಿ ಬಂದುಬಿಡೋಣ ಅಂತ ಒಂದು ಕಾಲಿಟ್ಟೆ ಕೂಡ.”

ಅತ್ತಿಗೆ ತಲೆಯೆತ್ತಿದಳು.

“ಆಮೇಲೆ, ಅತ್ತಿಗೆ ಮೇಲೆ ಕೂತಿದ್ದಾರಲ್ಲ, ಎರಡು ಬಡಿದ್ರೆ ನಿಲ್ಲಿಸ್ತಾರೆ ಅಂತ ಏಣಿ ಬಿಟ್ಟು ಪೈಪ್ ಹತ್ರ ಹೋದೆ.”

ಓರಗಿತ್ತಿ ಔಷಧಿಯ ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡಳು. ಅವನು ಅತ್ತಿಗೆಯ ಕೈಯಿಂದ ಅರ್ಧ ಸುಲಿದ ಕಿತ್ತಳೆಯನ್ನು ತೆಗೆದುಕೊಂಡು, ಬಟ್ಟೆ ಸುತ್ತಿದ ಬೆರಳುಗಳಿಂದ ಉಳಿದದ್ದನ್ನು ತಾನೇ ಸುಲಿಯತೊಡಗಿದ.